ಕೆಡವಿದ ಕೊಟ್ಟಿಗೆ

ಶಿಗ್ಗಾಂವ
ತಾ. ೨೮ ಡಿಸೆಂಬರ್ ೧೯೩೮

ಪ್ರೀತಿಯ ಅಪ್ಪಾ,

ನಿಮ್ಮ ಮಗ ಸಮುವೇಲನ ನಮಸ್ಕಾರ. ಹಿರೇಕೆರೂರಿನ ಚಳಿಗೆ ನಿಮ್ಮ ಮೊಣಕಾಲ ನೋವು ಹೆಚ್ಚಿಲ್ಲವಷ್ಟೆ? ಅಕ್ಕನ ಗಂಡನ ಮುರಿದ ಕಾಲು ಕೂಡಿಕೊಂಡಿತೇ? ಉಡಚವ್ವಕ್ಕ ಒಬ್ಬಳೇ ಹೊಲ ಮನೆ ಎರಡನ್ನೂ ಹೇಗೆ ನೋಡಿಯಾಳೆಂದು ದೀಪಾವಳಿ ಮುಗಿಸಿ ಹೋದಿರಿ. ನಿಮ್ಮನ್ನು ಬೇಗ ಬನ್ನಿ ಎನ್ನಲು ಬಾಯಿ ಬಾರದು. ಅವ್ವ ಆರಾಮ ಇದ್ದಾಳೆ. ಎಮ್ಮೆ ಎರಡು ಹೊತ್ತೂ ಹಾಲು ಕೊಡುತ್ತಿದೆ. ನೀವು ಅಕ್ಷರ ಕೂಡಿಸಿ ಕೂಡಿಸಿ ಓದುವಿರೆಂದು ದೊಡ್ಡದಾಗಿಯೇ ಬರೆದಿದ್ದೇನೆ.

ಅಪ್ಪಾ, ನಮ್ಮ ಕೊಟ್ಟಿಗೆಯನ್ನು ಕೆಡವಿಸಿಬಿಟ್ಟೆ. ನೀವು ಬಂದು ಬಯಲು ನೋಡುವ ಮೊದಲು ಇದು ನನ್ನಿಂದಲೇ ತಿಳಿಯಲಿ. ಎಮ್ಮೆಯನ್ನು ಹೊರಗೆ ಕಟ್ಟಿ, ನೆಲ ಸಾರಿಸಿ, ಕಂದೀಲು ತೂಗುಹಾಕಿ, ಕೇರಿಯ ನಾಲ್ಕು ಜನರನ್ನು ಕೂಡಿಸಿ ನೀವು ಪ್ರಾರ್ಥನೆ ಮೊದಲು ಮಾಡಿದ ಜಾಗ ಅದು. ನೀವು ಅಕ್ಷರ ಕಲಿತದ್ದು ಅಲ್ಲಿ, ನಾನು ಕಲಿತದ್ದೂ ಅಲ್ಲಿ. ಆದರೆ ಕ್ರಿಸ್‌ಮಸ್‌ಗೆ ಹುಬ್ಬಳ್ಳಿಯಿಂದ ಪಾದ್ರಿಗಳು ಬರುತ್ತಾರೆಂದು ತಿಳಿದಾಗ ನನಗೆ ಅಲ್ಲಿಯ ಗಂಜಲದ ವಾಸನೆಯೊಂದೇ ನೆನಪಾಯಿತು. ಓದಿ ಬಂದ ಉಪದೇಶಿ ದನದ ಮನೆಯಲ್ಲಿ ಉಪದೇಶ ಮಾಡುತ್ತಾನೆಂದು ಅವರು ನಕ್ಕಾರು ಎಂಬ ಅಂಜಿಕೆ. ಸಡಕಿನ ಬದಿಗೆ ಕರೀಮಸಾಬರು ಕಾಳು ತುಂಬಿಡುವ ವಖಾರಿ ಖಾಲಿ ಇತ್ತು. ಪ್ರಾರ್ಥನೆಗೆ ಕೇಳಿದೆ, ಸಂತೋಷದಿಂದ ಕೊಟ್ಟರು. ಸುಣ್ಣ ಬಳಿಸಿದೆ, ಹೊಸ ಚಾಪೆ ಹಾಸಿಸಿದೆ, ಕೊಟ್ಟಿಗೆಯ ಕಂಬ ತೊಲೆಗಳನ್ನು ಕೊಯ್ಯಿಸಿ ಬೆಂಚು ಮಾಡಿಸಿದೆ.

ಕ್ರಿಸ್‌ಮಸ್ ಮುಂಜಾನೆ ನಮ್ಮ ನೆರೆಮನೆಯ ಮುದುಕಿ ದುರಗವ್ವಾಯಿ ಎಲ್ಲರಿಗಿಂತ ಮೊದಲು ಬಂದಳು. ಕುಳ್ಳು ತಟ್ಟಿ ಎದ್ದು ನೇರ ಬಂದಿದ್ದಳು. ಪಾದಕ್ಕೆ ಸೆಗಣಿ ಮೆತ್ತಿತ್ತು. ಹೊಸ್ತಿಲಲ್ಲಿ ನಿಂತು, “ಒಳಗ ಬರ್ಲೇನೋ ತಮ್ಮಾ?” ಎಂದಳು. ನಾನು ಚಾಪೆ ನೋಡಿದೆ, ಪಾದ್ರಿಗಳ ಮುಖ ನೋಡಿದೆ. “ಕಾಲು ತೊಳಕೊಂಡು ಬಾ ಆಯಿ” ಎಂದೆ. ಅವಳು ಬಂದ ದಾರಿ ಹಿಡಿದಳು. ಅವಳ ಹಿಂದೆ ಬರುತ್ತಿದ್ದ ಹೆಂಗಸರು ತಮ್ಮ ತಮ್ಮ ಕಾಲು ನೋಡಿಕೊಂಡು ತಿರುಗಿದರು. ಖಾಲಿ ಬೆಂಚುಗಳ ಮುಂದೆ ನಿಂತು ನಾನು ಯೇಸು ಗೋದಲಿಯಲ್ಲಿ ಹುಟ್ಟಿದ ಕಥೆ ಹೇಳಿದೆ. ಪಾದ್ರಿಗಳು, “ಉಳಿದವರೆಲ್ಲ ಎಲ್ಲಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೇರಿಯ ಕಡೆ ನಡೆದರು.

ಕೊಟ್ಟಿಗೆ ಇದ್ದ ಬಯಲಿನಲ್ಲಿ, ಎಮ್ಮೆಯ ಪಕ್ಕದಲ್ಲೇ, ಎಲ್ಲರೂ ಕುಳಿತಿದ್ದರು. ದುರಗವ್ವಾಯಿ ಮಕ್ಕಳಿಗೆ ಹೇಳುತ್ತಿದ್ದಳು: “ಊರಾಗ ಯಾರೂ ಜಾಗಾ ಕೊಡಲಿಲ್ಲಂತ. ದನದ ಮನ್ಯಾಗ ಹುಟ್ಟಿದ. ಅದಕ್ಕ ಅಂವ ನಮ್ಮ ವಾಸನಿಗೆ ಮೂಗು ಮುಚ್ಚಾಂಗಿಲ್ಲ.” ಪಾದ್ರಿಗಳು ಅವರ ನಡುವೆ ಹೋಗಿ ನೆಲದ ಮೇಲೆ ಕುಳಿತುಬಿಟ್ಟರು. ನನಗೆ ಕೂಡಲಾಗಲಿಲ್ಲ ಅಪ್ಪಾ. ಬೇವಿನ ಮರದ ಹಿಂದೆ ಕಳ್ಳನಂತೆ ನಿಂತೆ. ಬಡತನದಲ್ಲಿ ಮೊದಲಾದದ್ದನ್ನು ಮರೆಸಿಬಿಡುವುದೇ ಏಳಿಗೆ ಎಂದುಕೊಂಡಿದ್ದೆ. ಗೋದಲಿಯ ಕಥೆಯನ್ನು ವರ್ಷಕ್ಕೊಮ್ಮೆ ಓದುವುದು ಸುಲಭ. ಬಾಗಿಲಲ್ಲಿ ನಿಂತ ಮುದುಕಿಯನ್ನು ಒಳಗೆ ಕರೆಯಬೇಕಾದಾಗ ಅದು ನನಗೆ ನೆನಪಾಗಲಿಲ್ಲ. ನಿನ್ನೆ ಅವಳಿಗೆ ಕೆರೆಯಿಂದ ನೀರು ತಂದುಕೊಟ್ಟೆ. ಕೊಡ ಇಳಿಸಿಕೊಂಡು ತನ್ನ ಕುಳ್ಳಿನ ಕಡೆ ತಿರುಗಿದಳು.

ಅಕ್ಕನಿಗೂ ಮನೆಯವರಿಗೂ ನನ್ನ ನೆನಪು ಹೇಳಿ. ದೇವರು ನಿಮ್ಮ ಮೈಗೆ ಬಲ ಕೊಡಲಿ.

ನಿಮ್ಮ ಮಗ,
ಸಮುವೇಲ (ನಿಮ್ಮ ಬಾಯಲ್ಲಿ ಮಾರ್ಯಾ)

ತಾ.ಕ.: ಟಪಾಲಿನವನು ಬಾಗಿಲಲ್ಲಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೊಟ್ಟಿಗೆಗೆ ಕೈ ಹಚ್ಚಿದಾಗ ಅವ್ವ ಅಡ್ಡ ನಿಂತಳು, ಕೇರಿಯವರೂ ನಿಂತರು. “ಅಪ್ಪನೇ ಹೂಂ ಅಂದಾನ” ಎಂದು ಸುಳ್ಳು ಹೇಳಿದೆ. ನಿಮ್ಮ ಮಾತೆಂದೇ ಅವರು ಸರಿದು ನಿಂತದ್ದು. ಈಗ ಅವರ ಸಿಟ್ಟೆಲ್ಲ ನಿಮ್ಮ ಮೇಲಿದೆ. ಅವ್ವನಿಗೆ ಇಂದು ನಿಜ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಬರುವ ಭಾನುವಾರ ಆ ಬಯಲಿನಲ್ಲಿ ನಿಂತು ಎಲ್ಲರ ಮುಂದೆ ಹೇಳುತ್ತೇನೆ. ನೀವು ಅದಾದ ಮೇಲೆ ಬನ್ನಿ ಅಪ್ಪಾ. ಮೊದಲೇ ಬಂದು, ಕೇರಿಯವರು ನಿಮ್ಮತ್ತ ಮುಖ ತಿರುಗಿಸಿದರೆ ನಾನು ನೋಡಲಾರೆ.