ಅಕ್ಕನ ಒಂದು ಕಣ್ಣು, ನಿಮ್ಮ ಎರಡು ಮಂಜೂರಾತಿ

ಇಲ್ಲಿ ನೆರೆದಿರುವ, ನೆರೆಯದೆ ಮನೆಯಲ್ಲೇ ಕುಳಿತು ಪತ್ರಿಕೆ ಓದುತ್ತಿರುವ ಸಮಸ್ತ ಕಣ್ಣುಳ್ಳ ಮಹಾಜನರ ಸಾಕ್ಷಿಯಾಗಿ, ಶಸ್ತ್ರಚಿಕಿತ್ಸೆಗಳ ಮಂಜೂರಾತಿ ಅಧಿಕಾರಿಗಳೇ,

ಕಳೆದ ವಾರ ನನ್ನ ಅಕ್ಕನಿಗೆಂದು ಬಂದ ಕಾರ್ನಿಯಾ ನಿಮ್ಮ ನಿಯಮದ ದೆಸೆಯಿಂದ ಬೇರೆಯವರ ಕಣ್ಣಿಗೆ ಹೋಯಿತು. ಅಕ್ಕ ರಫು ಮಾಡುವವಳು. ಹರಿದ ಬಟ್ಟೆಯನ್ನು ಹರಿದದ್ದೇ ತಿಳಿಯದಂತೆ ಕೂಡಿಸಿಕೊಡುವುದು ಅವಳ ಕಸುಬು. ಅವಳ ಒಂದು ಕಣ್ಣು ಬಾಲ್ಯದಲ್ಲೇ ಹೋಗಿದೆ. ಉಳಿದ ಕಣ್ಣಿನ ಕಾರ್ನಿಯಾ ಮಸುಕಾಗಿದೆ, ಅದರ ಹಿಂದೆ ಪೊರೆ ಬಲಿತಿದೆ. ಬಿಳಿ ಅಂಗಿಗೆ ಹಳದಿ ದಾರ ಹಾಕಿ ಕೊಟ್ಟಾಗ ಗಿರಾಕಿಯೊಬ್ಬ, "ಏನಮ್ಮಾ, ಅಂಗಿಗೆ ಕಾಮಾಲೆನಾ?" ಎಂದನಂತೆ. ಅವಳೂ ನಕ್ಕಳು. ಆಮೇಲೆ ಸೂಜಿ ಮುಟ್ಟಿಲ್ಲ.

ಡಾಕ್ಟರು ಹೇಳಿದ್ದು ಸರಳ. ಮಸುಕಾದ ಕಾರ್ನಿಯಾ ತೆಗೆದರೆ ಪೊರೆ ಎದುರಿಗೇ ಸಿಗುತ್ತದೆ. ಅದನ್ನೂ ತೆಗೆದು, ಲೆನ್ಸ್ ಕೂರಿಸಿ, ಸತ್ತವರ ಕಣ್ಣಿಂದ ದಾನವಾಗಿ ಬಂದ ಕಾರ್ನಿಯಾ ಹೊಲಿದರೆ ಒಂದೇ ಸಲಕ್ಕೆ ಮುಗಿಯಿತು. ಪೊರೆಯನ್ನು ಆಮೇಲೆಂದು ಬಿಟ್ಟರೆ, ಮತ್ತೆ ಕೈಹಾಕುವಾಗ ಹೊಸ ಕಾರ್ನಿಯಾವೇ ಕೆಡಬಹುದು. ಆದರೆ ನಿಮ್ಮಲ್ಲಿ ಕಾರ್ನಿಯಾ ಒಂದು ಶಾಖೆ, ಪೊರೆ ಇನ್ನೊಂದು ಶಾಖೆ. ನಡುವೆ ಗೋಡೆ, ಗೋಡೆಗೊಂದು ಗಡಿಯಾರ, ಗಡಿಯಾರಕ್ಕೂ ಊಟದ ವಿರಾಮ. ಕಿಟಕಿಯೊಳಗಿನ ಗುಮಾಸ್ತರು ತಲೆ ಎತ್ತದೆ ಹೇಳಿದರು: "ಒಂದು ಸಲಕ್ಕೆ ಒಂದೇ ಆಪರೇಷನ್ನು. ಕಾರ್ನಿಯಾ ಆಗ್ಲಿ, ಪೊರೆಗೆ ಹೊಸದಾಗಿ ಅರ್ಜಿ ಹಾಕಿ."

"ಅಂಗಿ ಹೊಲಿಸೋಕೆ ಬಂದ್ರೆ ಈ ವರ್ಷ ಅಂಗಿ, ಮುಂದಿನ ವರ್ಷ ತೋಳು ಅಂತೀರೇನಪ್ಪಾ?" ಎಂದಳು ಅಕ್ಕ.

"ತೋಳು ನಮ್ಮಲ್ಲಿ ಬರಲ್ಲಮ್ಮ, ಮೂಳೆ ವಿಭಾಗ."

ಅದು ಹಾಸ್ಯವೋ ಮಾಹಿತಿಯೋ ನನಗಿನ್ನೂ ಬಗೆಹರಿದಿಲ್ಲ.

ಮಾನ್ಯರೇ, ನೋಡಬೇಕಾದ ಕಣ್ಣಿಗೂ ಓಡಲಾರದ ಕಡತಕ್ಕೂ ಇದೆಂಥ ಗಂಟು? ಎರಡು ಸಹಿ ಬೇಕೆನ್ನುವ ನಿಮಗಾಗಿ ಅವಳು ಎರಡನೆಯ ಕಣ್ಣನ್ನು ಎಲ್ಲಿಂದ ತರಲಿ? ನಿಮ್ಮ ರುಜುವಿಗೆ ಕಾಯುವ ಸಹನೆ ನನಗುಂಟು. ತೆಗೆದಿಟ್ಟ ಕಾರ್ನಿಯಾಕ್ಕೆ ಇಲ್ಲ. ಎರಡಕ್ಕೂ ಸೇರಿಸಿ ಒಂದೇ ಮಂಜೂರಾತಿ ಕೊಡಿ. ಮುಂದಿನ ಕಾರ್ನಿಯಾ ಬರುವ ಮೊದಲೇ ಕೊಡಿ.

ಇದೆಲ್ಲವೂ ಸಾರ್ವಜನಿಕರ ಹಿತಕ್ಕಾಗಿ ಎಂದು ಬರೆದು ಮುಗಿಸುವವನಿದ್ದೆ. ಸುಳ್ಳು. ನಿನ್ನೆ ನಮ್ಮ ಬೀದಿಗೆ ಆಂಬ್ಯುಲೆನ್ಸ್ ಬಂದು ಎದುರು ಮನೆಯ ಮುಂದೆ ನಿಂತಿತು. "ಅಯ್ಯೋ, ಯಾರಿಗೆ ಏನಾಯ್ತೋ," ಎಂದರು ಪಕ್ಕದ ಮನೆಯಾಕೆ. ಆ ಮನೆಯಲ್ಲಿ ಯಾರ ಕಣ್ಣು ಚೆನ್ನಾಗಿದೆ ಎಂದು ನಾನು ಯೋಚಿಸುತ್ತಿದ್ದೆ.

ಇಂತಿ,
ಇದನ್ನು ಅಕ್ಕನಿಗೆ ಓದಿ ಹೇಳಲಾರದ ತಮ್ಮ