ಒಂದು ಗೇಣು ಎತ್ತರದ ಅಡುಗೆಮನೆ

ಜೇವರ್ಗಿ
ರವಿವಾರ, 12-1-2025

ಮನೆಯವರಿಗೆ ಜಯಮಾಲಾಳ ಶರಣು ಶರಣಾರ್ಥಿ.

ಸೊಂಟದ ನೋವು ಹೇಗಿದೆ? ಜಾಮನಗರದ ಚಳಿಯಲ್ಲಿ ರಾತ್ರಿ ಪಾಳಿ ಬೇಡವೆಂದರೆ ನೀವು ಕೇಳುವವರಲ್ಲ, ಬೆಲ್ಟ್ ಆದರೂ ಕಟ್ಟಿಕೊಂಡು ವೆಲ್ಡಿಂಗಿಗೆ ಬಗ್ಗಿರಿ. ಇಲ್ಲಿ ಅತ್ತೆ ಆರಾಮ, ನಿಮ್ಮ ಮಗಳು ವಿದ್ಯಾ ಆರಾಮ. ನಾಳೆ ಭೋಗಿ, ಸಜ್ಜೆ ರೊಟ್ಟಿಗೆ ಎಳ್ಳು ಆರಿಸುತ್ತಾ ಅತ್ತೆ ನಿಮ್ಮನ್ನೇ ನೆನೆಯುತ್ತಿದ್ದಾರೆ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ "ಹೂಂ ಅಂದ್ಬಿಡು" ಎನ್ನುತ್ತೀರಿ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ನಡುವೆ ಬಾಯಿ ಹಾಕಲು ನಿಮಗೆ ಬರುವುದಿಲ್ಲ.

ನಿಮ್ಮ ಶಾಲೆಯ ಗೆಳೆಯ ಕಲ್ಲಿನಾಥ ಮಾರಲಿಟ್ಟ ಮನೆ ನೋಡಿ ಬಂದೆ. ಅವರ ಹೊಲವನ್ನೇ ಬಡಾವಣೆ ಮಾಡಿ ಕಟ್ಟಿಸಿದ್ದು. ಎರಡು ಖೋಲಿ, ಒಂದು ಪಡಸಾಲೆ. ಹೋದ ವಾರ ಐವತ್ತೆಂಟು ಲಕ್ಷ ಎಂದವನು ನಿನ್ನೆ ಅರವತ್ತೈದು ಎಂದ. ಬೈಪಾಸ್ ಬರುವ ಸುದ್ದಿ ಇದೆಯಂತೆ. ಸುದ್ದಿಗೇ ಏಳು ಲಕ್ಷ ಕೊಡಬೇಕು ನಾವು. ಗೋಡೆಗೆ ಆಗಲೇ ನೀರಿಳಿದು ಬಣ್ಣ ಉದುರುತ್ತಿದೆ, ಅದರ ಮೇಲೆ ದೇವರ ಕ್ಯಾಲೆಂಡರ್ ತೂಗುಹಾಕಿದ್ದಾನೆ. ಆದರೂ ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ಒಂಬತ್ತು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಿಸಿದ್ದೇನೆ. ಒಂದು ಮೊಳೆ ಹೊಡೆಯಲು ಇನ್ನೊಬ್ಬರನ್ನು ಕೇಳಿ ಸಾಕಾಗಿದೆ. ಹಿರೋಳ್ಳಿಯ ನಮ್ಮ ಎರಡು ಎಕರೆ ಹೊಲ ಮಾರಿ, ಕೂಡಿಟ್ಟದ್ದನ್ನು ಸೇರಿಸಿದರೆ ಮನೆ ನಮ್ಮದಾಗುತ್ತದೆ ಎಂಬ ನಿಮ್ಮ ಲೆಕ್ಕ ತಪ್ಪಲ್ಲ. ಮಾವನವರನ್ನು ಮಣ್ಣು ಮಾಡಿ ಕಟ್ಟಿಸಿದ ಗದ್ದುಗೆ ಇರುವ ಒಂದು ಗುಂಟೆ ಬಿಟ್ಟು ಉಳಿದದ್ದು ಮಾರೋಣ ಎಂದಿರಿ. ಅದು ನಮ್ಮವರ ರೂಢಿಯೇ. ಹೊಲ ಹೋದರೂ ಹಿರಿಯರನ್ನು ಇಟ್ಟ ಜಾಗ ಬಿಟ್ಟು, ವಿಭೂತಿ ಹಚ್ಚಲು ಹೋಗುವ ದಾರಿಯನ್ನೂ ಕಾಗದದಲ್ಲಿ ಬರೆಸುತ್ತಾರೆ.

ಈ ಮನೆಯ ಅಡುಗೆಮನೆ ಮಾತ್ರ ಪಡಸಾಲೆಗಿಂತ ಒಂದು ಗೇಣು ಎತ್ತರ. ಎರಡು ಸಲ ಎಡವಿದೆ. ಯಾಕೆ ಹೀಗೆಂದರೆ ವಾಸ್ತು ಎಂದ ಕಲ್ಲಿನಾಥ. ಮನೆ ಕಟ್ಟಿದ ಮೇಸ್ತ್ರಿ ಮಸೂದ ಹೊರಗೆ ನೀರಿನ ಟಾಕಿ ರಿಪೇರಿ ಮಾಡುತ್ತಿದ್ದ. ನಾನು ಚಪ್ಪಲಿ ಮೆಟ್ಟುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದ: "ವಾಸ್ತು ಅಲ್ರಿ ಅಕ್ಕಾ. ಕೆಳಗ ಅವರಪ್ಪನ ಗದ್ದಗಿ ಅದರಿ. ಒಡಿಯಾಕ ನಾ ಒಲ್ಲೆ ಅಂದೆ, ಅದರ ಮ್ಯಾಲೇ ಫರಸಿ ಹಾಕು ಅಂದ್ರು."

ತಿರುಗಿ ಒಳಗೆ ಹೋಗಿ ಕಲ್ಲಿನಾಥನನ್ನೇ ಕೇಳಿದೆ. ಅವನು ಅಡಿಕೆ ಅಗಿಯುತ್ತಾ, ಆ ಗುಂಟೆ ಬಿಟ್ಟಿದ್ದರೆ ಸೈಟುಗಳ ಆಕಾರ ಕೆಡುತ್ತಿತ್ತು ಎಂದು ನನಗೆ ತಿಳಿಸಿಹೇಳಿದ. "ಸತ್ತವರು ಎದ್ದು ಬಂದು ಜಾಗ ಕೇಳ್ತಾರೇನ್ರಿ ವೈನಿ?" ಎಂದು ನಕ್ಕ. ಹೆತ್ತಪ್ಪನ ತಲೆಯ ಮೇಲೆ ಗ್ಯಾಸ್ ಒಲೆ ಇಡಿಸಿ, ಆ ಜಾಗವನ್ನೂ ಚದರಡಿಯ ದರದಲ್ಲಿ ಮಾರಲು ನಿಂತಿದ್ದಾನೆ. ಅಮಾವಾಸ್ಯೆಗೊಮ್ಮೆ ತಪ್ಪದೆ ಜಿಡಗಾ ಮಠಕ್ಕೆ ಹೋಗಿ ಅಡ್ಡಬೀಳುವ ಮನುಷ್ಯ ಇವನು. ಥೂ, ನಿಮಗೆ ಎಂಥ ಗೆಳೆಯರು ಸಿಕ್ಕಿದ್ದಾರೆ. ಪುಕ್ಕಟೆ ಕೊಟ್ಟರೂ ಆ ಮನೆ ಬೇಡವೆಂದು ಅವನ ಮುಖಕ್ಕೇ ಹೇಳಿ ಬಂದೆ. ನೀವು ಸಿಟ್ಟಾಗುತ್ತೀರಿ, ಆಗಿ. ಬೇರೆ ಮನೆ ನೋಡು ಎನ್ನುತ್ತೀರಿ, ನೋಡುತ್ತೇನೆ. ಆದರೆ ಮನೆಗೆ ಬಂದು ಎರಡು ಸಲ ಕಾಲು ತೊಳೆದರೂ ಹೇಸಿಗೆ ಹೋಗಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ವಿದ್ಯಾ ಗಣಿತದಲ್ಲಿ ನಲವತ್ತು ತೆಗೆದಿದ್ದಾಳೆ, ಬಯ್ಯಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಜಯಮಾಲಾ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ಗದ್ದುಗೆ ಬಿಟ್ಟು ಉಳಿದದ್ದು ಮಾರೋಣ ಎಂದಿರಲ್ಲ, ಆ ಉಳಿದದ್ದರಲ್ಲಿ ನಮ್ಮ ಹನ್ನೊಂದು ದಿನದ ಕೂಸೂ ಇದೆ. ಅದಕ್ಕೆ ಗದ್ದುಗೆ ಕಟ್ಟಲಿಲ್ಲ, ಒಂದು ಕಲ್ಲೂ ಇಡಲಿಲ್ಲ. ಬಾಣಂತಿ ಹೊರಗೆ ಬರಬಾರದೆಂದು ನನ್ನನ್ನು ಒಳಗೇ ಕೂಡಿಸಿ, ನೀವು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದಿರಿ. ಹದಿನಾಲ್ಕು ವರ್ಷ ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಹೊಲದ ಕಾಗದದಲ್ಲಿ ನನ್ನ ಹೆಸರೂ ಇದೆ. ರಜೆಗೆ ಬಂದಾಗ ಹಿರೋಳ್ಳಿಗೆ ಕರೆದುಕೊಂಡು ಹೋಗಿ, ಎಲ್ಲಿ ಇಟ್ಟಿದ್ದೀರೆಂದು ಬೆರಳಿಟ್ಟು ತೋರಿಸಿ. ಸಹಿಯ ಮಾತು ಆಮೇಲೆ.