ನೀಲಿ ಕೊಡದ ನೀರು

ಜುಲೈ 3, ಬೆಳಿಗ್ಗೆ 9
ಹತ್ತು ಈರುಳ್ಳಿ, ಹತ್ತು ಗ್ಲಾಸು. ಐದರಲ್ಲಿ ಕಾಂತೇಶನ ಗ್ರಾಫೀನ್ ಔಷಧಿ, ಐದರಲ್ಲಿ ಬರೀ ನೀರು. ಔಷಧಿ ವಿಷವಾದರೆ ಅದರಲ್ಲಿ ಬೇರು ಬೆಳೆಯುವುದಿಲ್ಲ. ಕಾಲೇಜಿನ ನಲ್ಲಿ ಎರಡು ದಿನದಿಂದ ಬಂದ್. ನೀರು ಮನೆಯಿಂದಲೇ ತಂದೆ — ಅಡುಗೆಮನೆ ಬಾಗಿಲ ಹತ್ತಿರದ ನೀಲಿ ಕೊಡದ್ದು. ಕೊಂಚ ಕಂದು. ಬೋರ್‌ವೆಲ್ ಮಣ್ಣಿರಬೇಕು.

ಕಾಂತೇಶನದು ಗೊಬ್ಬರದಂಗಡಿ. ಇದನ್ನು ಹೊಡೆದರೆ ಮಲ್ಲಿಗೆ ಮೊಗ್ಗು ಸಂಜೆ ಹೂ ಒಯ್ಯುವ ಬಸ್ಸಿನವರೆಗೂ ಅರಳುವುದಿಲ್ಲವಂತೆ. ಹೂವಿನವರ ಮನೆ ಮನೆಗೆ ಸ್ಯಾಂಪಲ್ ಹಂಚಿದ್ದಾನೆ. “ಬರೀ ಕಾರ್ಬನ್ ರಿ ಮೇಡಮ್, ಇದ್ದಿಲು ಇದ್ದಂಗ. ಇದ್ದಿಲಿಲೆ ಹಲ್ಲು ತಿಕ್ಕಲ್ಲೇನ್ರಿ ನಾವು?” ಟೆಸ್ಟ್ ಮಾಡಿ ಬರೆದುಕೊಡಬೇಕಂತೆ. ಹಡಗಲಿಯಲ್ಲಿ ಬಾಟನಿ ಗೆಸ್ಟ್ ಲೆಕ್ಚರರ್ ಅಂದರೆ ಎಲ್ಲರಿಗೂ ಪುಕ್ಕಟೆ.

ಜುಲೈ 8
ಎಲ್ಲ ಬೇರೂ ಒಂದೇ ಉದ್ದ. ಗಿಡ್ಡ. ಈ ಸಲದ ಗಡ್ಡೆಯೇ ಸರಿಯಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು, ಅದರ ಬಲ್ಬ್ ಸುಟ್ಟಿದೆ. ಪ್ರಿನ್ಸಿಪಾಲರಿಗೆ ಮೂರು ಅರ್ಜಿ ಕೊಟ್ಟಾಯಿತು, ಉತ್ತರವಿಲ್ಲ. ಕಾಂತೇಶ ದಿನಾ ಬಂದು ನಿಲ್ಲುತ್ತಾನೆ. ‘ಬರೀ ನೀರಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ’ ಅಂತ ಬರೆದು ಸಹಿ ಹಾಕಿದೆ. ಪೀಡೆ ತೊಲಗಲಿ.

ಜುಲೈ 29
ಅತ್ತಿಗೆ ಕೊಟ್ರಮ್ಮನ ತುಟಿ ಒಡೆದಿದೆ, ನಾಲಿಗೆ ತುಂಬ ಹುಣ್ಣು. ಮೂರು ದಿನದಿಂದ ರೊಟ್ಟಿ ಮುಟ್ಟಿಲ್ಲ, ಬರೀ ಮಜ್ಜಿಗೆ ಅನ್ನ. ಹೂ ಕಟ್ಟುವುದು ಮಾತ್ರ ಬಿಟ್ಟಿಲ್ಲ. ದಾರದ ಒಂದು ತುದಿ ಕಾಲ್ಬೆರಳಿಗೆ, ಇನ್ನೊಂದು ಹಲ್ಲಲ್ಲಿ. ಹಸಿ ದಾರ… ಆ ಔಷಧಿಯಲ್ಲೇ ಅದ್ದಿದ್ದು!

ರೇಗಿಹೋಯಿತು. “ಅದನ್ನ ಯಾಕ ಬಾಯಾಗ ಹಾಕ್ಕೋತಿ ಅತ್ತಿಗಿ?”

“ಏನಾಗಲ್ಲ ಬಿಡವ್ವ. ನೀನ ಬರದುಕೊಟ್ಟೀಯಲ್ಲ.”

ಬಾಟಲಿ ಜೊತೆ ಬಂದ ಚೀಟಿ ತೋರಿಸಿದಳು. ನನ್ನ ಹೆಸರು, ನನ್ನ ಸಹಿ. ಮೇಲೆ ದಪ್ಪ ಅಕ್ಷರ: ನೀರಿನಷ್ಟೇ ನಿರಪಾಯ. ಹಾಗೆಲ್ಲಿ ಬರೆದಿದ್ದೆ ನಾನು! ಹಲ್ಕಾ ನನ್ಮಗ.

ಜುಲೈ 30
ಅಂಗಡಿಗೇ ಹೋಗಿ ಕೂಗಾಡಿದೆ. ಇದ್ದಿಲಲ್ಲ ಅದು, ಒಂದೆರಡು ಅಣುವಿನಷ್ಟು ತೆಳು ಹಾಳೆ, ಅದರ ಅಂಚು ಜೀವಕೋಶದ ಪೊರೆಯನ್ನೇ ಸೀಳಬಲ್ಲದು… ಓದಿದ್ದನ್ನೆಲ್ಲ ಒದರಿದೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನು ತಣ್ಣಗೆ ಅಂದ: “ಇಷ್ಟೆಲ್ಲ ಗೊತ್ತಿದ್ದು ಸಹಿ ಯಾಕ ಹಾಕಿದ್ರಿ ಮೇಡಮ್?”

ಮೈ ಉರಿಯಿತು. ಈಗಲೂ ಉರಿಯುತ್ತಿದೆ.

ಆಗಸ್ಟ್ 4
ಹೊಸಪೇಟೆಯಿಂದ ಬಲ್ಬ್ ತರಿಸಿದೆ. ಐದು ದಿನದ ಹಿಂದೆಯೇ ಕಾಲೇಜಿನ ನಲ್ಲಿ ನೀರಿನಲ್ಲಿ ಮತ್ತೆ ಟೆಸ್ಟ್ ಇಟ್ಟಿದ್ದೆ. ನೀರಿನ ಬೇರು ಬೆರಳುದ್ದ, ಬೆಳ್ಳಗೆ. ಔಷಧಿಯದು ಗಿಡ್ಡ, ತುದಿ ಕಂದು. ಮೈಕ್ರೋಸ್ಕೋಪಿನಲ್ಲಿ ಸತ್ತ ಜೀವಕೋಶಗಳೆಲ್ಲ ನಾನು ಟೆಸ್ಟಿಗೆ ಹಾಕಿದ ನೀಲಿ ಬಣ್ಣ ಹೀರಿಕೊಂಡು ಕೂತಿವೆ. ಎಣಿಸುವುದನ್ನೇ ಬಿಟ್ಟೆ. ಹೋದ ಸಲ ಬರೀ ನೀರಿನ ಬೇರೂ ಯಾಕೆ ಗಿಡ್ಡವಿತ್ತು?

ಸಂಜೆ ಅತ್ತಿಗೆಯನ್ನು ಕೇಳಿದೆ, ಆ ಕೊಡದ ನೀರು ಎಂಥದು ಅಂತ.

“ನೀಲಿ ಕೊಡದಾಗಿಂದು ಒಯ್ದಿದ್ದೇನು? ಅಯ್ಯ ನಮ್ಮವ್ವ! ಅದರಾಗ ಹೂವಿನ ಔಷಧಿ ಕಲಸಿಟ್ಟಿದ್ದೆ.”

ಹತ್ತೂ ಗ್ಲಾಸಿನಲ್ಲಿ ಇದ್ದದ್ದು ಔಷಧಿಯೇ. ವ್ಯತ್ಯಾಸ ಎಲ್ಲಿಂದ ಕಾಣಬೇಕು? ಕಂದು ಬಣ್ಣ ಕಣ್ಣಾರೆ ಕಂಡಿದ್ದೆ. ಒಂದು ಮಾತು ಕೇಳಲಿಲ್ಲ. ಥೂ ನನ್ನ ಓದಿಗೆ.

ಆಗಸ್ಟ್ 5, ಬೆಳಿಗ್ಗೆ 6
ಹೊಸ ಚೀಟಿ. ‘ನನ್ನ ಟೆಸ್ಟ್ ತಪ್ಪು. ಈ ಔಷಧಿಯಲ್ಲಿ ಈರುಳ್ಳಿ ಬೇರಿನ ಜೀವಕೋಶಗಳು ಸಾಯುತ್ತಿವೆ. ದಾರ ಬಾಯಿಗೆ ಹಾಕಬೇಡಿ.’ ನಿನ್ನೆ ರಾತ್ರಿಯೇ ನೂರು ಜೆರಾಕ್ಸ್ ಮಾಡಿಸಿದೆ. ಹೂವಿನ ಮಾರ್ಕೆಟ್ಟಿನಲ್ಲಿ ನಿಂತು ಹಂಚುತ್ತೇನೆ. ಪ್ರಿನ್ಸಿಪಾಲರು ಕೆಲಸದಿಂದ ತೆಗೆದರೆ ತೆಗೆಯಲಿ.

ಮೊದಲನೆಯದು ಅತ್ತಿಗೆಗೆ. ಓದಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಿನ್ನ ಹೆಸರು ಕೆಡತೈತಲ್ಲೇ ಗಂಗಾ. ಯಾರಿಗೂ ಕೊಡಬ್ಯಾಡ.”

ಅಂದವಳೇ ಮತ್ತೆ ದಾರ ಹಲ್ಲಿಗಿಟ್ಟಳು. ಕೈ ಹಾಕಿ ಎಳೆದೆ. ತುದಿಯಲ್ಲಿ ರಕ್ತ. ಉಳಿದ ತೊಂಬತ್ತೊಂಬತ್ತು ಚೀಟಿ ಹಿಡಿದು ಮಾರ್ಕೆಟ್ಟಿಗೆ ಹೊರಟೆ.